ಬೀಗಿತ್ತಿಯ ಮಂಡಿ

ಮಾರ್ಚ್ ೩, ಸೋಮವಾರ

ಈ ದೇಶಕ್ಕೆ ಬಂದು ವಾರವಾಯಿತು. ಮಾತಾಡಲು ಯಾರೂ ಇಲ್ಲವೆಂದು ನಾನು ಬರೆಯಲು ಕೂತಿಲ್ಲ. ಮಾತಾಡಿದರೆ ಬಾಯಿ ತಪ್ಪಿ ನಿಜ ಹೊರಬೀಳುತ್ತದೆಂದು ಕೂತಿದ್ದೇನೆ.

ನಿಜ ಏನೆಂದರೆ, ನನ್ನ ಬೀಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮಗಳಿಗೆ ಇಲ್ಲಿಯ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ, ಅಳಿಯನಿಗೆ ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ. ಎರಡೂವರೆ ವರ್ಷದ ಮೊಮ್ಮಗಳು. ಸಮುದ್ರ ದಾಟಿ ಬಂದ ಸಂಸಾರ ನೆಲೆಯೂರುವ ತನಕ ನೆರವಾಗೋಣವೆಂದು ನಾನು ಬಂದೆ. ಅಳಿಯನ ತಾಯಿಯೂ ಬಂದಳು. ನಾನು ಬರುವುದು ಗೊತ್ತಾದ ಮೇಲೆಯೇ ಆಕೆಯ ಟಿಕೆಟ್ ಆದದ್ದು, ಅದನ್ನೂ ಇಲ್ಲಿ ಬರೆದಿಡುತ್ತೇನೆ. ಕಂಪನಿ ಕೊಟ್ಟಿರುವ ಈ ತಾತ್ಕಾಲಿಕ ಫ್ಲ್ಯಾಟಿನಲ್ಲಿ ನಮಗಿಬ್ಬರಿಗೂ ಸೇರಿ ಒಂದು ಕೋಣೆ. ಕಿಟಕಿಯ ಪಕ್ಕದ ಮಂಚ ಆಕೆಯದು. ಮಂಡಿನೋವಂತೆ, ಬಿಸಿಲು ಬೇಕಂತೆ.

ಆಕೆ ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತಳಾದವಳು. ನಾನು ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ಆಕೆ ಹೊರಡುವ ಮೊದಲೇ ಮೊಬೈಲಿನಲ್ಲಿ ಇಲ್ಲಿಯ ಭಾಷೆ ಕಲಿತು ಬಂದಿದ್ದಾಳೆ. ಅಂಗಡಿಯವರ ಜೊತೆ ನಗುನಗುತ್ತಾ ಮಾತಾಡುತ್ತಾಳೆ, ನಾನು ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತೇನೆ. ಮೊಮ್ಮಗಳು ಆಕೆಯನ್ನು ‘ಅಜ್ಜಿ’ ಅನ್ನುತ್ತಾಳೆ. ನನ್ನನ್ನು ‘ಇನ್ನೊಂದಜ್ಜಿ’ ಅನ್ನುತ್ತಾಳೆ.

ಈ ಫ್ಲ್ಯಾಟು ಏಪ್ರಿಲ್ ಮಧ್ಯದ ತನಕ ಮಾತ್ರ. ಅಷ್ಟರಲ್ಲಿ, ರೈಲಿನಲ್ಲಿ ಓಡಾಡಲು ಆಗುವಂಥ ಯಾವುದಾದರೂ ಹೊರವಲಯದಲ್ಲಿ ಮನೆ ಹಿಡಿಯಬೇಕು. ನಿನ್ನೆ ಊಟದ ಹೊತ್ತಿನಲ್ಲಿ ಅಳಿಯ ತಟ್ಟೆ ನೋಡಿಕೊಂಡೇ ಹೇಳಿದ. “ಎಲ್ಲಿ ಹುಡುಕಿದ್ರೂ ನಮ್ಮ ಕೈಗೆಟುಕೋದು ಇಷ್ಟೇ. ನಮ್ಮ ರೂಮು ಬಿಟ್ರೆ ಇನ್ನೊಂದು, ಅದೂ ಒಂದು ಮಂಚ ಹಿಡಿಸೋ ಅಷ್ಟು.”

ಒಂದು ಮಂಚ ಅಂದರೆ ಒಬ್ಬಳೇ ಅಜ್ಜಿ. ಇನ್ನೊಬ್ಬಳು ಗಂಟುಮೂಟೆ ಕಟ್ಟಬೇಕು. ಅದು ನಾನಾಗಬಾರದು.

ಮಾರ್ಚ್ ೮, ಶನಿವಾರ

ಮೊದಲ ಊರು ನೋಡಿ ಬಂದೆವು. ರೈಲಿನ ಕೊನೆಯ ಸ್ಟೇಷನ್. ಅದರ ಹೆಸರು ನನ್ನ ನಾಲಗೆಯಲ್ಲಿ ಹೊರಳುವುದಿಲ್ಲ, ‘ಕೊನೆಯೂರು’ ಅಂದುಕೊಂಡಿದ್ದೇನೆ. ಎಲ್ಲಿ ನೋಡಿದರೂ ಸಮತಟ್ಟು. ಒಂದು ಕೆರೆ, ಅದರ ಸುತ್ತ ನಡೆಯುವವರಿಗೆ ದಾರಿ, ಅಲ್ಲಲ್ಲಿ ಬೆಂಚು. ಮಂಡಿನೋವಿನವರಿಗೆ ಹೇಳಿ ಮಾಡಿಸಿದ ಜಾಗ. ಆಕೆಗೆ ಹಿಡಿಸದೆ ಇರುತ್ತದೆಯೇ?

ಮನೆ ನೋಡಲು ಹೋದರೆ ಆಕೆ ಬೇಲಿಯ ಮೇಲಿಂದ ಪಕ್ಕದ ಮನೆಯವಳನ್ನು ಮಾತಿಗೆಳೆದಳು. ಯಾವ ಹೊತ್ತಿನ ರೈಲಿನಲ್ಲಿ ಕೂರಲು ಜಾಗ ಸಿಗುತ್ತದೆ, ಯಾವ ನರ್ಸರಿಯಲ್ಲಿ ಮಕ್ಕಳನ್ನು ಸಂಜೆ ತಡವಾದರೂ ನೋಡಿಕೊಳ್ಳುತ್ತಾರೆ, ಚಳಿಗಾಲದಲ್ಲಿ ಯಾವ ಗೋಡೆ ಒದ್ದೆಯಾಗುತ್ತದೆ, ಎಲ್ಲವನ್ನೂ ಕಲೆಹಾಕಿ ಮಗಳಿಗೆ ವರದಿ ಒಪ್ಪಿಸಿದಳು. “ಅತ್ತೆ, ನೀವಿಲ್ದೇ ಹೋಗಿದ್ರೆ ನಮ್ಮ ಗತಿ ಏನು” ಅಂದಳು ಮಗಳು. ನನ್ನ ಮಗಳು! ಆ ಹೊತ್ತಿಗೆ ನಾನು ಸ್ನಾನದ ಮನೆಯ ನಲ್ಲಿ ತಿರುಗಿಸಿ ನೋಡುತ್ತಿದ್ದೆ. ನೀರು ರಭಸವಾಗಿ ಬರುತ್ತದೆ ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ವಾಪಸು ಬರುವಾಗ ರೈಲಿನಲ್ಲಿ ಕೂತು, “ದಿನಾ ಇಷ್ಟು ದೂರ ಓಡಾಡಿದ್ರೆ ಇವಳು ಲ್ಯಾಬಲ್ಲಿ ಕೂತು ತೂಕಡಿಸ್ತಾಳೆ ಅಷ್ಟೇ. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗುತ್ತೆ” ಅಂದೆ. ಅಳಿಯ ನಕ್ಕುಬಿಟ್ಟ. “ಅತ್ತೆ ಹೇಳೋದ್ರಲ್ಲೂ ಅರ್ಥ ಇದೆ, ತುಂಬಾ ದೂರ ಆಯ್ತು” ಅಂದ. ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಮಾರ್ಚ್ ೯, ಭಾನುವಾರ

ಮಗು ಇವತ್ತು ನನ್ನ ಕೈಯಿಂದ ತುತ್ತು ತಿನ್ನಲಿಲ್ಲ. ಬಾಯಿ ಬಿಗಿಹಿಡಿದು ಕೂತಿತು. ಆಕೆ ಬಂದು ಅದೇ ತಟ್ಟೆ, ಅದೇ ಚಮಚ ತೆಗೆದುಕೊಂಡು ಏನೋ ಗುಬ್ಬಿ ಕಥೆ ಹೇಳಿದಳು. ತಟ್ಟೆ ಖಾಲಿ.

ಗುಬ್ಬಿ ಕಥೆ ನನಗೂ ಬರುತ್ತದೆ.

ಮಾರ್ಚ್ ೧೫, ಶನಿವಾರ

ಇವತ್ತು ನೋಡಿದ ಊರಿಗೆ ‘ಗುಡ್ಡ’ ಎಂದು ಹೆಸರಿಟ್ಟೆ. ಪೇಟೆಗೆ ಹತ್ತಿರ, ಮಗಳ ಆಸ್ಪತ್ರೆಗೆ ರೈಲು ಬದಲಿಸುವ ಗೋಜಿಲ್ಲ. ಸ್ಟೇಷನ್ ಕೆಳಗೆ, ಮನೆಗಳು ಮೇಲೆ. ನಡುವೆ ಕಲ್ಲಿನ ಮೆಟ್ಟಿಲು, ಹತ್ತುತ್ತಾ ಹೋದಷ್ಟೂ ಮುಗಿಯುವುದಿಲ್ಲ. ಒಂದು ಬದಿಗೆ ಕಬ್ಬಿಣದ ಕಂಬಿ.

ಆಕೆ ಮೆಟ್ಟಿಲ ಬುಡದಲ್ಲಿ ನಿಂತು ಒಮ್ಮೆ ಮೇಲೆ ನೋಡಿದಳು. “ನೀವೆಲ್ಲ ಹೋಗಿ ಬನ್ನಿ, ನಾನೂ ಪುಟ್ಟಿನೂ ಇಲ್ಲೇ ಕೂತಿರ್ತೀವಿ” ಅಂದಳು. ನಾನು ಒಂದೇ ಉಸಿರಿಗೆ ಹತ್ತಿದೆ. ಅಳಿಯ ಏದುಸಿರು ಬಿಡುತ್ತಾ, “ಅತ್ತೆ, ನಿಮಗೆ ವಯಸ್ಸೇ ಆಗಲ್ವಾ?” ಅಂದ. “ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ” ಅಂದೆ. ಮನೆ ಚಿಕ್ಕದು, ಚೊಕ್ಕವಾಗಿದೆ. ಎದುರಿಗೆ ಮಕ್ಕಳ ಪಾರ್ಕು. ಆ ಒಂಟಿ ಮಂಚದ ಕೋಣೆಗೆ ಪೂರ್ವದ ಬಿಸಿಲು ಬೀಳುತ್ತದೆ. ನನಗೆ ಒಮ್ಮೆಲೇ ಎಲ್ಲ ಸ್ಪಷ್ಟವಾಯಿತು. ಇಲ್ಲಿ ಮನೆ ಹಿಡಿದರೆ ಆಕೆ ಇರಲು ಸಾಧ್ಯವೇ ಇಲ್ಲ. ನಾನು ಗುಡ್ಡವನ್ನು ಬಾಯಿ ತುಂಬಾ ಹೊಗಳಿದೆ. ಗಾಳಿ, ಬೆಳಕು, ಅಕ್ಕಪಕ್ಕ, ಒಂದನ್ನೂ ಬಿಡಲಿಲ್ಲ.

ಇಳಿಯುವ ಮುಂಚೆ ಕಂಬಿ ಹಿಡಿದು ಕೆಳಗೆ ನೋಡಿದೆ. ಆಕೆ ಮಡಿಲಲ್ಲಿ ಮಗುವನ್ನು ನಿಲ್ಲಿಸಿಕೊಂಡು ಹೋಗುವ ರೈಲುಗಳಿಗೆಲ್ಲ ಕೈಬೀಸುತ್ತಿದ್ದಳು. ಮಗುವಿನ ನಗು ಮೇಲಿನವರೆಗೂ ಕೇಳಿಸುತ್ತಿತ್ತು. ಎಲ್ಲರಿಗಿಂತ ಮೊದಲು ಹತ್ತಿದ್ದರ ಖುಷಿಯೆಲ್ಲ ಅಲ್ಲೇ ಇಳಿದುಹೋಯಿತು.

ಮಾರ್ಚ್ ೧೮, ಮಂಗಳವಾರ

ಮಗು ಮಲಗಿತ್ತು, ಮಗಳಿಗೆ ರಜೆ. ಕಸದ ಚೀಲ ಹಿಡಿದು ಹೊರಗೆ ಹೋದರೆ ಕಟ್ಟಡದ ಮೆಟ್ಟಿಲ ಮೇಲೆ ಯಾರೋ ನರಳುವ ಸದ್ದು. ನೋಡಿದರೆ ಬೀಗಿತ್ತಿ! ಲಿಫ್ಟು ಬಿಟ್ಟು ಮೆಟ್ಟಿಲು ಹತ್ತುವ ಅಭ್ಯಾಸ ನಡೆಸುತ್ತಿದ್ದಾಳೆ. ಗುಡ್ಡದ ಮೇಲೆ ಕಣ್ಣಿಟ್ಟಿದ್ದಾಳೆ, ಇನ್ನೇನು?

ನಾನು ಸುಮ್ಮನೆ ವಾಪಸು ಬರಬೇಕಿತ್ತು. ಆದರೆ ಆಕೆ ಹತ್ತುವ ರೀತಿಯನ್ನು ನೋಡಿ ಸುಮ್ಮನಿರುವುದು ನನ್ನಿಂದ ಆಗುವ ಕೆಲಸವಲ್ಲ. ನೋವಿರುವ ಕಾಲನ್ನೇ ಮೊದಲು ಇಡುತ್ತಾಳೆ, ಮೈಯನ್ನೆಲ್ಲ ಕಂಬಿಗೆ ನೇತುಹಾಕುತ್ತಾಳೆ, ಉಸಿರು ಬಿಗಿಹಿಡಿಯುತ್ತಾಳೆ. ಒಂದನೇ ಕ್ಲಾಸಿನ ಮಕ್ಕಳೂ ಇದಕ್ಕಿಂತ ಚೆನ್ನಾಗಿ ಹತ್ತುತ್ತವೆ.

“ಬೀಗರೇ, ಹಾಗಲ್ಲ!” ಅಂದುಬಿಟ್ಟೆ. “ಗಟ್ಟಿ ಕಾಲು ಮೊದಲು. ಎಡಗಾಲಲ್ವಾ ನಿಮಗೆ ನೋವು? ಹಾಗಿದ್ರೆ ಬಲಗಾಲು ಮೇಲಿಡಿ, ಆಮೇಲೆ ಎಡಗಾಲನ್ನ ಜೊತೆಗೆ ಸೇರಿಸಿ. ಬಾಯಲ್ಲಿ ಉಸಿರು ಬಿಡಿ.”

ಆಕೆ ಬೆವರು ಒರೆಸಿಕೊಂಡು ಹಾಗೆಯೇ ಮಾಡಿದಳು. “ಅರೆ, ನೋವಾಗ್ಲಿಲ್ಲ!” ಅಂದಳು.

ನೋವಾಗಬಾರದೆಂದೇ ಅಲ್ಲವೇ ಹೇಳಿಕೊಟ್ಟದ್ದು. ಕಸದ ಚೀಲ ಅಲ್ಲೇ ಮರೆತು ಬಂದಿದ್ದೇನೆ.

ಮಾರ್ಚ್ ೨೨, ಶನಿವಾರ

ಇನ್ನೆರಡು ಊರು ನೋಡಿದೆವು. ಒಂದರಲ್ಲಿ ಕಾರ್ಖಾನೆಯ ವಾಸನೆ, ಇನ್ನೊಂದರಲ್ಲಿ ಮನೆಯ ಗೋಡೆಗೆ ತಾಗಿದಂತೆ ರೈಲು. ಬೀಗಿತ್ತಿಯೂ ನಾನೂ ಒಟ್ಟಿಗೇ ಮೂಗು ಮುರಿದೆವು. ಅಳಿಯನಿಗೆ ಆಶ್ಚರ್ಯ.

ಮೆಟ್ಟಿಲ ಪಾಠ ದಿನಾ ನಡೆದಿದೆ. ತೊಡೆಯಲ್ಲಿ ಬಲವಿಲ್ಲದೆ ಮಂಡಿಯನ್ನು ಬೈದರೆ ಏನು ಬಂತು? ಕುರ್ಚಿಯಲ್ಲಿ ಕೂರಿಸಿ ಕಾಲು ನೆಟ್ಟಗೆ ಚಾಚಿಸುತ್ತೇನೆ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುತ್ತೇನೆ. ತಪ್ಪಿಸಿಕೊಳ್ಳಲು ನೋಡುತ್ತಾಳೆ, ಬಿಡುವುದಿಲ್ಲ. “ಸಾಲಗಾರರನ್ನ ನಾನೂ ಇಷ್ಟು ಕಾಡಿರ್ಲಿಲ್ಲ ಕಣ್ರೀ” ಅಂದಳು ಇವತ್ತು.

ನನ್ನ ಸ್ಪರ್ಧಿಯನ್ನು ನಾನೇ ತಯಾರು ಮಾಡುತ್ತಿದ್ದೇನೆಂದು ಗೊತ್ತಿಲ್ಲದಷ್ಟು ದಡ್ಡಿಯಲ್ಲ ನಾನು. ಕಟ್ಟಡದ ಮೆಟ್ಟಿಲೇ ಬೇರೆ, ಗುಡ್ಡದ ಮೆಟ್ಟಿಲೇ ಬೇರೆ. ಅಲ್ಲಿಯವರೆಗೆ ಆಕೆ ಬರಲಾರಳು.

ಮಾರ್ಚ್ ೨೭, ಗುರುವಾರ

ಇವತ್ತು ಮಗಳು ಮನೆಯಲ್ಲಿದ್ದಳೆಂದು ನಾವಿಬ್ಬರೂ ಹೊರಬಿದ್ದೆವು. ಕೆಲಸದ ಜನರ ನೂಕುನುಗ್ಗಲಿನ ಹೊತ್ತಿನಲ್ಲೇ ಗುಡ್ಡದ ರೈಲು ಹೇಗಿರುತ್ತದೆಂದು ನೋಡಬೇಕಿತ್ತು. ಬೀಗಿತ್ತಿ ಬೋರ್ಡು ಓದಿ ಧೈರ್ಯವಾಗಿ ಹತ್ತಿಸಿದಳು. ಅದು ಗುಡ್ಡದಲ್ಲಿ ನಿಲ್ಲದ ರೈಲು! ಕಿಟಕಿಯಾಚೆ ಸ್ಟೇಷನ್ನೂ ಮೆಟ್ಟಿಲೂ ಹಿಂದಕ್ಕೆ ಓಡಿಹೋದವು. ಆಕೆಯ ಮುಖ ನೋಡಬೇಕಿತ್ತು. ಭಾಷೆಯ ಪಂಡಿತೆ! ನಗು ತಡೆಯಲಾಗದೆ ನಾನು ಎದುರಿಗೆ ನಿಂತವನ ಕೋಟು ಹಿಡಿದುಕೊಂಡೆ. ಆಕೆಯೂ ನಗಲು ಶುರುಮಾಡಿದಳು.

ಯಾವುದೋ ಗೊತ್ತಿಲ್ಲದ ಊರಿನ ಪ್ಲಾಟ್‌ಫಾರ್ಮಿನಲ್ಲಿ ಇಳಿದು ಬನ್ನು ತಿಂದು ಕಾಫಿ ಕುಡಿದೆವು. ಕಾಫಿಯನ್ನು ನಾನೇ ಇಲ್ಲಿಯ ಭಾಷೆಯಲ್ಲಿ ಕೇಳಿದೆ. ಬೀಗಿತ್ತಿ ಹೇಳಿಕೊಟ್ಟ ಮಾತು. ಅಂಗಡಿಯ ಹುಡುಗಿಗೆ ಅರ್ಥವಾಯಿತು.

ವಾಪಸು ಗುಡ್ಡದಲ್ಲಿ ಇಳಿದೆವು. ಬೀಗಿತ್ತಿ ಮೆಟ್ಟಿಲನ್ನು ನೋಡಿದಳು, ನನ್ನನ್ನು ನೋಡಿದಳು. ನಡುನಡುವೆ ನಿಂತು, ಕೂತು, ನನ್ನಿಂದ ಬೈಸಿಕೊಂಡು ಹತ್ತಿಯೇಬಿಟ್ಟಳು! ಮೇಲೆ ನಿಂತು ಇಬ್ಬರೂ ಕೆಳಗಿನ ಹಳಿಗಳನ್ನು ನೋಡಿದೆವು. ನನಗೆ ಎದೆಯುಬ್ಬಿ ಬಂತು. ನನ್ನ ಶಾಲೆಯ ತಂಡ ಕಪ್ ಗೆದ್ದ ದಿನವೂ ಹೀಗಾಗಿರಲಿಲ್ಲ.

“ಮನೇಲಿ ಹೇಳ್ಬೇಡಿ, ಆಯ್ತಾ?” ಅಂದಳು. ಮಗನನ್ನು ಬೆರಗುಗೊಳಿಸಬೇಕೆಂಬ ಆಸೆ ಇರಬೇಕು. ಆಯಿತು ಅಂದೆ.

ಏಪ್ರಿಲ್ ೫, ಶನಿವಾರ

ಮೋಸ! ಹಾಡಹಗಲೇ ಮೋಸ!

ಗುಡ್ಡದ ಮನೆಯನ್ನು ಕೊನೆಯ ಬಾರಿ ನೋಡಿ ತೀರ್ಮಾನಿಸಲು ಎಲ್ಲರೂ ಹೋಗಿದ್ದೆವು. ಈಗ ಹತ್ತುತ್ತಾಳೆ, ಮಗ ಬಾಯಿ ಬಿಟ್ಟು ನೋಡುತ್ತಾನೆಂದು ನಾನು ಕಾಯುತ್ತಿದ್ದರೆ, ಬೀಗಿತ್ತಿ “ಅಯ್ಯೋ” ಎಂದು ಮಂಡಿ ಹಿಡಿದು ನಿಂತಳು. ಮಗನ ತೋಳಿಗೆ ಜೋತುಬಿದ್ದಳು. ಕಾಲೆಳೆಯುತ್ತಾ ಎರಡು ಹೆಜ್ಜೆ ಇಟ್ಟಳು. ಅದೂ ಬಲಗಾಲು! ನೋವಿದ್ದದ್ದು ಎಡಗಾಲು ಎಂಬುದೂ ಆಕೆಗೆ ನೆನಪಿರಲಿಲ್ಲ. ನನ್ನ ಕಣ್ಣು ತಪ್ಪಿಸಿದಳು.

“ಬೇಡಮ್ಮ, ಬೇಡ. ಮೇಲಕ್ಕೆ ಸುತ್ತು ಹಾಕಿಕೊಂಡು ಒಂದು ಚಿಕ್ಕ ಬಸ್ಸು ಹೋಗುತ್ತಂತೆ, ಮನೆ ಬಾಗಿಲಿಗೇ” ಅಂದ ಅಳಿಯ. ಬಸ್ಸು! ನನಗೆ ಅದು ಗೊತ್ತೇ ಇರಲಿಲ್ಲ. ಮಗಳೂ ಅಳಿಯನೂ ಆಕೆಯನ್ನು ಗಾಜಿನ ಸಾಮಾನಿನ ಹಾಗೆ ಬಸ್ಸಿಗೆ ಹತ್ತಿಸಿದರು. ನಾನು ಒಬ್ಬಳೇ ಮೆಟ್ಟಿಲು ಹತ್ತಿದೆ. ಮೊದಲ ಸಲ ಕಾಲು ಭಾರ ಅನ್ನಿಸಿತು.

ಏಪ್ರಿಲ್ ೬, ಭಾನುವಾರ

ಮಗಳು ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಬಟ್ಟಲು ಒರೆಸುತ್ತಾ ಒರೆಸುತ್ತಾ ಅದನ್ನೇ ಮತ್ತೆ ಮತ್ತೆ ಒರೆಸಿದಳು.

“ಅಮ್ಮ, ಗುಡ್ಡದ ಮನೇನೇ ಅಂತಾಯ್ತು. ಪುಟ್ಟಿಗೆ ಸ್ಟೇಷನ್ ಪಕ್ಕದಲ್ಲೇ ನರ್ಸರಿ ಸಿಕ್ತು. ಇನ್ನು ಮನೇಲಿ ಇಬ್ರು ಬೇಕು ಅಂತೇನಿಲ್ಲ.”

“ಸರಿ.”

“ಅತ್ತೆ ಪಾಪ, ಆ ಮಂಡಿ ಇಟ್ಕೊಂಡು ಒಬ್ಬರೇ ಹೇಗಿರ್ತಾರೆ? ಅವರಿಗೆ ಊರಲ್ಲಿ ಯಾರಿದ್ದಾರೆ? ನಿನಗಾದ್ರೆ ಪಕ್ಕದ ಮನೇಲೇ ಚಿಕ್ಕಮ್ಮ. ನೀನು ಗಟ್ಟಿ ಅಮ್ಮ. ನೀನೇ ಹೇಳ್ತಿರ್ತೀಯಲ್ಲ, ಗುಂಡುಕಲ್ಲಿನ ಹಾಗಿದೀನಿ ಅಂತ.”

ನಾಲಗೆಯ ತುದಿಗೆ ಬಂದಿತ್ತು. ‘ನಿನ್ನ ಅತ್ತೆ ಮೊನ್ನೆ ಆ ಗುಡ್ಡ ಹತ್ತಿದಾಳೆ ಕಣೇ, ನಾನೇ ಹತ್ತಿಸಿದೆ’ ಎಂದು. ಅಷ್ಟು ಅಂದಿದ್ದರೆ ಸಾಕಿತ್ತು. ಬಾಯಿ ತೆರೆದೆ. “ಆ ಬಟ್ಟಲು ಇಲ್ಲಿ ಕೊಡು, ಒರೆಸಿ ಒರೆಸಿ ತೂತು ಮಾಡ್ತೀಯ” ಅಂದೆ.

ಯಾಕೆ ಹೇಳಲಿಲ್ಲವೋ ತಿಳಿಯದು. ನನ್ನ ಶಿಷ್ಯೆ ಕಳ್ಳಿ ಎಂದು ನಾನೇ ಡಂಗುರ ಸಾರಲೇ?

ಏಪ್ರಿಲ್ ೭, ಸೋಮವಾರ

ಮೆಟ್ಟಿಲ ಪಾಠ ಇಲ್ಲ. ಮಾತಿಲ್ಲ.

ಏಪ್ರಿಲ್ ೯, ಬುಧವಾರ

ಆಕೆಯೇ ಮೆಟ್ಟಿಲ ಮೇಲೆ ಕಾದು ಕೂತಿದ್ದಳು. ನಾನು ನಿಂತೇ ಕೇಳಿದೆ. “ಯಾವ ಕಾಲು ನೋವು ಬೀಗರೇ ಇವತ್ತು?”

ಆಕೆ ತಲೆ ತಗ್ಗಿಸಿದಳು. “ಹೇಳಿಬಿಡ್ತೀರಾ?”

“ಯಾಕೆ ಹೇಳ್ಬಾರ್ದು?”

“ನೀವು ರಸ್ತೇಲಿ ಹೋದ್ರೆ ‘ನಮಸ್ಕಾರ ಟೀಚರ್’ ಅನ್ನೋರಿದ್ದಾರೆ. ನನ್ನದು ವರ್ಗದ ಕೆಲಸ. ಒಂದೂರು ಅಭ್ಯಾಸ ಆಗೋ ಹೊತ್ತಿಗೆ ಇನ್ನೊಂದೂರು. ಸಾಲ ಬೇಕಾದವರಿಗೆ ಮಾತ್ರ ನನ್ನ ಪರಿಚಯ ಇತ್ತು. ಮಗನಿಗೆ ಫೋನ್ ಮಾಡಿ ಚೆನ್ನಾಗಿದೀನಿ ಕಣೋ ಅಂದ್ರೆ, ಸರಿಯಮ್ಮ ಅಂತ ಇಟ್ಟುಬಿಡ್ತಾನೆ. ಮಂಡಿ ನೋವು ಅಂದ್ರೆ ಇನ್ನೊಂದು ಸ್ವಲ್ಪ ಹೊತ್ತು ಮಾತಾಡ್ತಾನೆ.”

ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಿದ್ದೇ ಬೇರೆ. ಈ ಉಪಾಯ ನನಗೇಕೆ ಇಷ್ಟು ವರ್ಷ ಹೊಳೆಯಲಿಲ್ಲ? ನನ್ನ ಮಗಳೂ ಹಾಗೆಯೇ ‘ಸರಿಯಮ್ಮ’ ಎಂದು ಫೋನ್ ಇಡುತ್ತಾಳೆ.

“ಏಳಿ, ಹೀಗೆ ಕೂತ್ರೆ ಕಾಲು ಮರಗಟ್ಟುತ್ತೆ” ಅಂದೆ.

ಏಪ್ರಿಲ್ ೧೨, ಶನಿವಾರ

ಗುಡ್ಡದ ಮನೆಗೆ ಸಾಗಿಸಲು ಪೆಟ್ಟಿಗೆ ಕಟ್ಟುವಾಗ ಸೊಂಟ ಹಿಡಿದುಕೊಂಡು “ಅಮ್ಮಾ” ಅಂದೆ. ಸುಮ್ಮನೆ, ನೋಡೋಣವೆಂದು.

ಮಗಳು ತಿರುಗಿ ನೋಡಿ ನಕ್ಕಳು. “ನಾಟಕ ಸಾಕು ಅಮ್ಮ. ಆ ಕಡೆ ಮೇಜು ಸ್ವಲ್ಪ ಎತ್ತು.”

ಎತ್ತಿದೆ.

ಏಪ್ರಿಲ್ ೨೬, ಶನಿವಾರ

ವಿಮಾನ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ನೆಟ್ಟಗಿಲ್ಲ.

ಗುಡ್ಡದ ಮನೆ ಸೇರಿದ ಮೇಲೆ ಈ ದಿನಗಳಲ್ಲಿ ನಾನು ನಡುಮನೆಯ ಸೋಫಾದಲ್ಲಿ ಮಲಗಿದೆ. ಬೀಗಿತ್ತಿ ಬಿಸಿಲ ಕೋಣೆಯಲ್ಲಿ. ಯಾರಿಗೂ ಏನೂ ಹೇಳಲಿಲ್ಲ. ದಿನ ಕಳೆದಂತೆ ನಾನು ಎಷ್ಟು ದೊಡ್ಡ ಮನಸ್ಸಿನವಳೆಂದು ನನಗೇ ಹೆಮ್ಮೆ ಹುಟ್ಟಿತ್ತು. ಊರಿಗೆ ಹೋಗಿ ಉಳಿದ ಆಯುಷ್ಯವೆಲ್ಲ ಅದನ್ನೇ ನೆನೆದುಕೊಂಡು ಕೂರಬಹುದು ಅಂದುಕೊಂಡಿದ್ದೆ.

ಇವತ್ತು ಹೊರಡುವ ಹೊತ್ತಿಗೆ ಬಸ್ಸು ತಪ್ಪಿತ್ತು. “ಮೆಟ್ಟಿಲು ಇಳಿದೇ ಹೋಗೋಣ. ಅತ್ತೆ, ನೀವು ಇಲ್ಲೇ ಇರಿ, ಇಲ್ಲಿಂದಲೇ ಕೈಬೀಸಿ” ಅಂದಳು ಮಗಳು. ಅಳಿಯ ದೊಡ್ಡ ಪೆಟ್ಟಿಗೆ ಹೊತ್ತ. ಮಗು ನನ್ನ ಸೊಂಟದ ಮೇಲೆ. ನನ್ನ ಕೈಚೀಲ ನೆಲದ ಮೇಲೆಯೇ ಇತ್ತು. ಬೀಗಿತ್ತಿ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು, ಎಲ್ಲರಿಗಿಂತ ಮುಂದೆ ಹೋಗಿ ಕಂಬಿ ಹಿಡಿದು ಇಳಿಯಲು ಶುರುಮಾಡಿಯೇಬಿಟ್ಟಳು.

“ಅಮ್ಮಾ! ಏನ್ ಮಾಡ್ತಿದೀಯ?” ಎಂದು ಅಳಿಯ ಕೂಗಿದ. ಆಕೆ ತಿರುಗಲಿಲ್ಲ. ಬಲಗಾಲನ್ನು ಮೊದಲು ಇಟ್ಟಳು, ಎಡ ಮಂಡಿ ನಡುಗಿತು.

“ನೋವಿರೋ ಕಾಲು ಮೊದಲು!” ಎಂದು ಕಿರುಚಿದೆ. “ಇಳಿಯೋವಾಗ ಉಲ್ಟಾ ಬೀಗರೇ, ಎಡಗಾಲು ಮೊದಲು! ಆತುರ ಬೇಡ! ಉಸಿರು ಬಿಡಿ!”

ಆಕೆ ಕಾಲು ಬದಲಿಸಿದಳು. ಮಗಳು ನಿಂತಲ್ಲೇ ನಿಂತು ನನ್ನನ್ನು ನೋಡಿದಳು, ಆಕೆಯನ್ನು ನೋಡಿದಳು. ನಾನು ಕೂಗುತ್ತಾ ಹಿಂದೆ, ಆಕೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಮುಂದೆ, ಹಾಗೆಯೇ ಕೆಳಗಿನವರೆಗೂ ಹೋದೆವು.

ಪ್ಲಾಟ್‌ಫಾರ್ಮಿನಲ್ಲಿ ಅಳಿಯ, “ಮಂಡಿ ನೋವು ಅಂತಿದ್ಯಲ್ಲಮ್ಮ?” ಅಂದ.

“ಇತ್ತಪ್ಪ. ಇವರು ಸರಿಮಾಡಿದ್ರು, ಹಳೇ ಫ್ಲ್ಯಾಟಲ್ಲಿದ್ದಾಗ್ಲೇ. ನಾನು ನಿಮ್ಮ ಹತ್ರ ಸುಳ್ಳು ಹೇಳ್ದೆ, ಇವರಿಗೆ ಗೊತ್ತಿದ್ರೂ ಬಾಯಿ ಬಿಡ್ಲಿಲ್ಲ. ಈಗ ನಾನೂ ಗಟ್ಟೀನೇ. ಇನ್ಮೇಲೆ ಯಾರು ಇರ್ಬೇಕು ಅಂತ ಮಂಡಿ ನೋಡಿ ತೀರ್ಮಾನ ಮಾಡ್ಬೇಡಿ. ನಮ್ಮಿಬ್ಬರನ್ನ ಕೇಳಿ.” ಏದುಸಿರು ಬಿಡುತ್ತಿದ್ದಳು, ಮುಖ ಕೆಂಪಾಗಿತ್ತು.

ಮಗಳು ನನ್ನ ತೋಳು ಹಿಡಿದಳು. “ಅಮ್ಮ, ನಿನಗೆ ಇಲ್ಲೇ ಇರ್ಬೇಕು ಅನ್ನಿಸ್ತಿತ್ತಾ?”

ಇಡೀ ಮೈದಾನಕ್ಕೆ ಕೇಳಿಸುವ ಗಂಟಲು ನನ್ನದು. “ಹೂಂ” ಅಂದೆ. ಅದು ನನಗೇ ಕೇಳಿಸಲಿಲ್ಲ, ಅಷ್ಟರಲ್ಲಿ ರೈಲು ಬಂದಿತ್ತು. ಮಗಳಿಗೆ ಕೇಳಿಸಿತು. ಅವಳ ಮುಖ ನೋಡಿದರೇ ತಿಳಿಯುತ್ತಿತ್ತು.

ಈಗ ಇಲ್ಲಿ ಕೂತು ಹೊಟ್ಟೆ ಉರಿದುಕೊಳ್ಳುತ್ತಿದ್ದೇನೆ. ಕಿಟಕಿ ತೆಗೆದುಕೊಂಡಳು, ಕೋಣೆ ತೆಗೆದುಕೊಂಡಳು, ಹೋಗಲಿ. ಕೊನೆಗೆ ನನ್ನ ಕೈಯಲ್ಲಿ ಉಳಿದಿದ್ದದ್ದು ದೊಡ್ಡತನ ಒಂದೇ. ಅದನ್ನೂ ಅಷ್ಟು ಜನರ ಮುಂದೆ ಕಿತ್ತುಕೊಂಡಳಲ್ಲ! ಸಿಟ್ಟಿಗೆ ಕಣ್ಣಲ್ಲಿ ನೀರು ನಿಲ್ಲುತ್ತಲೇ ಇಲ್ಲ, ಪಕ್ಕದಲ್ಲಿ ಕೂತವರು ನೋಡುತ್ತಿದ್ದಾರೆ. ನಾನು ಅವಳಿಗೆ ಕಲಿಸಿದ್ದು ಹತ್ತುವುದನ್ನು ಮಾತ್ರ. ಕಟ್ಟಡದಲ್ಲಿ ಇಳಿಯಲು ಲಿಫ್ಟು ಹಿಡಿಯುತ್ತಿದ್ದೆವು, ಗುಡ್ಡದ ಮೇಲಿಂದ ಆವತ್ತು ಟ್ಯಾಕ್ಸಿಯಲ್ಲಿ ಬಂದಿದ್ದೆವು. ಮಂಡಿಗೆ ಇಳಿಯುವುದೇ ಹೆಚ್ಚು ಕಷ್ಟ. ಅದನ್ನು ನಾನು ಅವಳಿಗೆ ಇನ್ನೂ ಹೇಳಿಕೊಟ್ಟಿರಲಿಲ್ಲ.